ಎಡಚಿಯ ಕುರ್ಚಿ

"ಎಡಗೈ ಮೇಲೆ ಬರ್ಬೇಕು ಅಂತ ಎಷ್ಟು ಸಲ ಹೇಳ್ಬೇಕಯ್ಯಾ ನಿಂಗೆ?" ಎನ್ನುತ್ತ ಮೆಕ್ಯಾನಿಕ್ ಶವಪೆಟ್ಟಿಗೆಯೊಳಗೆ ಬಗ್ಗಿ ಅಕ್ಕನ ಕೈಗಳನ್ನು ತಾನೇ ಅದಲುಬದಲು ಮಾಡತೊಡಗಿದ. ಸೆಟೆದುಕೊಂಡ ಕೈಗಳು ಬಗ್ಗಲೊಲ್ಲವು.

"ಎಲ್ರಿಗೂ ಬಲಗೈನೇ ಸಾರ್ ಮೇಲಿಡೋದು," ಶವದ ಗಾಡಿಯವನು ಗೊಣಗಿದ. "ನೋಡೋರಿಗೆ ಚೆನ್ನಾಗಿರುತ್ತೆ."

"ನೋಡೋರಿಗೋಸ್ಕರ ಇವಳು ಒಂದಿನಾನೂ ಬದುಕ್ಲಿಲ್ಲ. ನೀನು ಆಚೆ ಸರಿ."

ಪೆಟ್ಟಿಗೆ ಇದ್ದದ್ದು ಅವಳದೇ ಹಲ್ಲಿನ ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ. ನಿನ್ನೆ ಸಂಜೆ ಎದೆನೋವು ಎಂದು ಗೋಡೆಗೊರಗಿ ಕೂತವಳು ಏಳಲಿಲ್ಲ. ಇಪ್ಪತ್ತೆಂಟು ವರ್ಷ ಕೆನ್ನೆ ಹಿಡಿದುಕೊಂಡು ಆ ಬೆಂಚುಗಳ ಮೇಲೆ ಕೂತವರೆಲ್ಲ ಇವತ್ತು ಕರ್ಚೀಫು ಹಿಡಿದುಕೊಂಡು ಕೂತಿದ್ದರು.

"ನನ್ನ ಹನ್ನೊಂದು ಹಲ್ಲು ಕಿತ್ತಳು ಮಹರಾಯ್ತಿ," ಪಕ್ಕದ ಅಂಗಡಿಯ ಹೊಲಿಗೆಯಮ್ಮ ಮೂಗೊರೆಸಿಕೊಂಡಳು. "ಒಂದ್ಸಲಾನೂ ಅಳಿಸ್ಲಿಲ್ಲ. ಇವತ್ತು ಎಲ್ಲಾ ಸೇರಿಸಿ ಅಳಿಸ್ತಿದಾಳೆ ನೋಡು."

ಸತ್ತವಳ ಒಬ್ಬಳೇ ಮಗಳು ಸೋದರಮಾವನ ಅಂಗಿ ಹಿಡಿದು ಮೂಲೆಗೆಳೆದಳು. ಅಮ್ಮ ಓದಿದ ಕಾಲೇಜಿನಲ್ಲೇ ಅವಳೂ ದಂತವೈದ್ಯಕೀಯದ ಕೊನೆಯ ವರ್ಷ ಓದುತ್ತಿದ್ದಳು.

"ಮಾಮಾ, ಪ್ರೊಫೆಸರ್ ಬರ್ತಾರಂತೆ. ದಮ್ಮಯ್ಯ, ನೀನು ಬಾಯಿ ಬಿಡ್ಬೇಡ."

"ಅವನ್ಯಾಕೆ ಬರ್ತಾನೆ? ಸತ್ತಿರೋದು ನಿಜಾನಾ ಅಂತ ನೋಡೋಕಾ?"

"ಸೋಮವಾರ ನನ್ನ ಪ್ರಾಕ್ಟಿಕಲ್. ಪಾಸ್ ಮಾಡೋದು, ಫೇಲ್ ಮಾಡೋದು ಎಲ್ಲಾ ಅವರ ಕೈಲೇ ಇದೆ."

ಅಂಗಿ ಹಿಡಿದದ್ದು ಅವಳ ಎಡಗೈ. ನಾಲ್ಕು ವರ್ಷದಿಂದ ಆ ಕೈಯ ಕಸುಬನ್ನು ಅವಳು ಕಾಲೇಜಿನಲ್ಲಿ ಯಾರಿಗೂ ತೋರಿಸಿರಲಿಲ್ಲ. ಡಿಗ್ರಿ ಸಿಗುವವರೆಗೂ ಬಲಗೈಯಲ್ಲೇ ಮಾಡು, ಆಮೇಲೆ ನಿನ್ನಿಷ್ಟ ಎಂದು ಅಮ್ಮನೇ ಕಲಿಸಿದ್ದಳು.

"ಆಯ್ತು ಪುಟ್ಟೀ," ಎಂದ ಮೆಕ್ಯಾನಿಕ್. ಹಲ್ಲು ಕಚ್ಚಿಕೊಂಡೇ ಎಂದ.

*

ಅಕ್ಕ ಓದುವಾಗ ಆ ಕಾಲೇಜಿನಲ್ಲಿ ರೋಗಿ ಒರಗುವ ಮೂವತ್ತು ಕುರ್ಚಿ, ಮೂವತ್ತೂ ಬಲಗೈ ವೈದ್ಯರಿಗೆ. ಪ್ರೊಫೆಸರ್ ಆಗಿನ್ನೂ ಮೀಸೆ ತಿರುವುವ ವಯಸ್ಸಿನ ಲೆಕ್ಚರರ್. ಹಾಜರಿ ಕೂಗುವಾಗಲೂ ಅವಳನ್ನು "ಎಡಚಿ" ಎಂದೇ ಕರೆಯುತ್ತಿದ್ದ. ಒಂದು ದಿನ ಇಡೀ ತರಗತಿಯ ಮುಂದೆ ಅವಳ ಎಡಗೈಯನ್ನು ಬ್ಯಾಂಡೇಜಿನಲ್ಲಿ ಬೆನ್ನ ಹಿಂದೆ ಕಟ್ಟಿದ.

"ನಿಂಗೋಸ್ಕರ ಯಾರೂ ಕುರ್ಚಿ ತಿರುಗಿಸಿ ಕೂರಿಸಲ್ಲಮ್ಮ. ಆಗುತ್ತೋ, ಇದೇ ಕೈಲಿ ಮಾಡು. ಆಗಲ್ವೋ, ಮನೆಗೆ ಹೋಗಿ ಪಾತ್ರೆ ತೊಳಿ. ಅದಕ್ಕೆ ಯಾವ ಕೈಯಾದ್ರೂ ನಡೆಯುತ್ತೆ."

ತರಗತಿ ನಕ್ಕಿತು. ನಕ್ಕವರೆಲ್ಲ ಪಾಸಾದರು. ಅವಳನ್ನು ಮೂರು ಸಲ ಫೇಲು ಮಾಡಿದ.

ಅಕ್ಕ ಓದಲಿ ಎಂದು ತಮ್ಮ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಗ್ಯಾರೇಜು ಸೇರಿದ್ದ. ಫೇಲಾದ ಅಕ್ಕ ದಿನಾ ಸಂಜೆ ಅಲ್ಲಿಗೇ ಬರುತ್ತಿದ್ದಳು. ಯಾರದೋ ಕಿತ್ತ ಹಲ್ಲುಗಳನ್ನು ಬಟ್ಟೆ ಸೋಪಿನಲ್ಲಿ ಸಾಲಾಗಿ ನೆಟ್ಟು ಬಲಗೈಯಲ್ಲಿ ಕೊರೆಯುತ್ತಿದ್ದಳು. ಕೊರೆಯುವ ಮೊನೆ ಜಾರಿ ಎಡ ಹೆಬ್ಬೆರಳಿಗೆ ನೆಡುತ್ತಿತ್ತು. ಬಿಳಿ ಸೋಪು ಕೆಂಪಾಗುತ್ತಿತ್ತು.

"ಬಿಟ್ಬಿಡೇ ಅಕ್ಕಾ."

"ನೀನು ಶಾಲೆ ಬಿಟ್ಟಿದೀಯಲ್ಲ, ಒಂದು ಮನೆಗೆ ಒಬ್ರು ಬಿಟ್ರೆ ಸಾಕು."

ನಾಲ್ಕನೇ ಸಲಕ್ಕೆ ಬೇರೆ ಊರಿನ ಪರೀಕ್ಷಕರ ಎದುರು ಬಲಗೈಯಲ್ಲೇ ಪಾಸಾದಳು. ಸರ್ಟಿಫಿಕೇಟು ತಂದ ದಿನ ಗ್ಯಾರೇಜಿನ ಬಾಗಿಲಲ್ಲಿ ನಿಂತು, "ಇನ್ಮೇಲೆ ಈ ಬಲಗೈಗೆ ರಜಾ ಕಣೋ," ಎಂದಳು. ತಮ್ಮ ಗುಜರಿಯಿಂದ ಹಳೇ ಕುರ್ಚಿಯೊಂದನ್ನು ಹೊತ್ತುತಂದ. ಕೊರೆಯುವ ಯಂತ್ರ, ಟ್ರೇ, ದೀಪ, ಉಗುಳುವ ಬೋಗುಣಿ ಎಲ್ಲವನ್ನೂ ಕತ್ತರಿಸಿ, ಆ ಕಡೆಯದನ್ನು ಈ ಕಡೆಗೆ ತಂದು ಬೆಸುಗೆ ಹಾಕಿದ.

*

ಪ್ರೊಫೆಸರ್ ಬಂದರು. ತಲೆ ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. ಪೆಟ್ಟಿಗೆಯ ಮೇಲೆ ಹೂವಿಟ್ಟು, ಕೇಳುವವರಿದ್ದಾರೆ ಎಂದು ಖಾತ್ರಿಯಾದ ಮೇಲೆ ಗಂಟಲು ಸರಿಮಾಡಿಕೊಂಡರು.

"ನನ್ನ ಹತ್ರ ಬಂದಾಗ ಈಕೆ ಎಡಚಿ. ಪಾಪ, ಡಾಕ್ಟರ್ ಆಗೋದೇ ಅನುಮಾನವಿತ್ತು. ಆ ಕೈಯನ್ನು ತಿದ್ದಿ, ಇವತ್ತು ನೀವೆಲ್ಲ ಕಣ್ಣೀರು ಹಾಕುವಂಥ ವೈದ್ಯೆ ಮಾಡಿದ್ದು ನಾನು. ಅದು ನನ್ನ ಹೆಮ್ಮೆ."

ಮೆಕ್ಯಾನಿಕ್ಕನ ದವಡೆ ಕಟಕಟ ಎಂದಿತು. ಪುಟ್ಟಿ ಅವನ ಮುಂಗೈಯನ್ನು ಉಗುರು ನಾಟುವಂತೆ ಹಿಡಿದಳು.

"ಡಾಕ್ಟ್ರಮ್ಮಾ!" ಬಾಗಿಲಲ್ಲಿ ಲಾರಿ ಡ್ರೈವರೊಬ್ಬ ದವಡೆ ಹಿಡಿದು ನಿಂತಿದ್ದ. ಪೆಟ್ಟಿಗೆ ಕಂಡು ಎರಡು ಹೆಜ್ಜೆ ಹಿಂದೆ ಸರಿದ. "ಅಯ್ಯಯ್ಯೋ... ನಂಗೆ ಗೊತ್ತಿರ್ಲಿಲ್ಲ. ಎರಡು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ, ಅದಕ್ಕೇ..."

"ಹೋಗ್ಬೇಡಪ್ಪಾ," ಹೊಲಿಗೆಯಮ್ಮ ಎದ್ದಳು. "ಡಾಕ್ಟ್ರಮ್ಮನ ಕೈ ತಿದ್ದಿದೋರೇ ಇಲ್ಲಿದಾರಲ್ಲ!"

ಎಲ್ಲರೂ ಪ್ರೊಫೆಸರರ ಕಡೆ ತಿರುಗಿದರು. ಮೆಕ್ಯಾನಿಕ್ ಕೈ ಮುಗಿದು, ಬೆಣ್ಣೆಯಂಥ ದನಿಯಲ್ಲಿ ಅಂದ: "ಬನ್ನಿ ಸಾರ್. ಕುರ್ಚಿ ಒಳಗಿದೆ."

ಡ್ರೈವರ್ ಕುರ್ಚಿಯಲ್ಲಿ ಒರಗಿದ. ಪ್ರೊಫೆಸರ್ ಗ್ಲೌಸು ತೊಟ್ಟು, ಅಭ್ಯಾಸದಂತೆ ಬಲಬದಿಗೆ ಹೋಗಿ ನಿಂತರು. ಟ್ರೇಗೆ ಕೈ ಚಾಚಿದರೆ ಟ್ರೇ ಇಲ್ಲ. ಮಂಡಿ ಬೋಗುಣಿಗೆ ಬಡಿಯಿತು. ಸುತ್ತಿಕೊಂಡು ಎಡಬದಿಗೆ ಬಂದರು. ಬಲಗೈ ಚಾಚಿದರೆ ಮೊಣಕೈ ಹೋಗಿ ಡ್ರೈವರನ ಮೂಗಿಗೆ ತಗುಲಿತು.

"ಸಾರ್, ಹಲ್ಲು ಇನ್ನೂ ಸ್ವಲ್ಪ ಕೆಳಗಿದೆ," ಎಂದ ಅವನು.

ಬಾಗಿಲಲ್ಲಿ ಗುಂಪುಗೂಡಿದವರು ಅಳುಮುಖದಲ್ಲೇ ಕಿಸಕ್ಕೆಂದರು. ಪ್ರೊಫೆಸರರ ಕಿವಿ ಕೆಂಪಾಯಿತು.

"ಎಲ್ಲಾ ಉಲ್ಟಾ! ಯಾವ ಮುಠ್ಠಾಳ ಕೂರಿಸಿದ್ದು ಇದನ್ನ?"

"ನಾನೇ ಸಾರ್."

ಅಷ್ಟೇ ಅಂದ. ಕೋಣೆಗೂ ಅಷ್ಟು ಸಾಕಾಯಿತು. ಅವರು ತಿದ್ದಿದೆ ಎಂದ ಆ ಎಡಗೈಗಾಗಿಯೇ ಈ ಕುರ್ಚಿ ಎಂಬುದು ಪ್ರೊಫೆಸರರಿಗೂ ತಿಳಿದುಹೋಯಿತು.

ಪ್ರೊಫೆಸರ್ ಗ್ಲೌಸು ಕಳಚಿದರು. "ಸೋಮವಾರ ಕಾಲೇಜಿಗೆ ಬಾರಪ್ಪ." ಡ್ರೈವರನ ಕಣ್ಣಂಚಿನಿಂದ ನೀರು ಕಿವಿಗಿಳಿಯಿತು.

ಪುಟ್ಟಿ ಬಾಗಿಲಲ್ಲಿದ್ದಳು. ಒಮ್ಮೆ ತಿರುಗಿ ಪೆಟ್ಟಿಗೆಯತ್ತ ನೋಡಿದಳು. ಮೇಲಿದ್ದ ಎಡಗೈಯ ಹೆಬ್ಬೆರಳಿನಲ್ಲಿ ಹಳೇ ಗಾಯದ ಗುರುತುಗಳು. ಒಳಗೆ ಬಂದು ನಲ್ಲಿಯಲ್ಲಿ ಕೈ ತೊಳೆದಳು.

"ಪುಟ್ಟೀ," ಈಗ ಮೆಕ್ಯಾನಿಕ್ಕನಿಗೇ ದಿಗಿಲಾಯಿತು. "ಬೇಡ ಕಣೇ. ಸೋಮವಾರ..."

"ಸೋಮವಾರದ್ದು ಸೋಮವಾರ ನೋಡ್ಕೊಳ್ಳೋಣ. ಲೈಟ್ ಹಾಕು ಮಾಮಾ."

ಕುರ್ಚಿಯ ಎಡಕ್ಕೆ ನಿಂತಳು. ಕೈ ಚಾಚಿದ ಕಡೆ ಟ್ರೇ ಇತ್ತು.

"ಸಾರ್, ನಾನಿನ್ನೂ ವಿದ್ಯಾರ್ಥಿ. ದೊಡ್ಡವರಿಲ್ಲದೆ ಹಲ್ಲು ಕೀಳೋ ಹಾಗಿಲ್ಲ. ನೀವು ಆ ಕಡೆ ನಿಂತ್ಕೊಳ್ಳಿ."

ಇಷ್ಟು ಜನರ ಕಣ್ಣೆದುರು ಅವರು ಹೊರಗೆ ಹೋಗುವಂತಿರಲಿಲ್ಲ. ಬಲಬದಿಗೆ ಬಂದು ನಿಂತರು. ಅವಳು ಎಡಗೈಯಲ್ಲಿ ಸೂಜಿ ಚುಚ್ಚಿ, ಒಸಡು ಮರಗಟ್ಟಲೆಂದು ಕಾದಳು.

"ಹೊತ್ತಾಯ್ತು ಸಾರ್, ಎತ್ತೋಣ್ವಾ?" ಹೊರಗಿಂದ ಗಾಡಿಯವನು ಕೂಗಿದ.

"ಪೇಷಂಟ್ ಇರೋವಾಗ ನಮ್ಮಕ್ಕ ಯಾವತ್ತೂ ಎದ್ದು ಹೋದೋಳಲ್ಲ," ಎಂದ ಮೆಕ್ಯಾನಿಕ್. "ಕಾಯ್ತಿರು."

ಪುಟ್ಟಿ ಇಕ್ಕಳ ಎತ್ತಿಕೊಂಡಳು. "ಸಾರ್, ಪೈಪು."

ಬಾಯಿಯ ರಕ್ತ, ಎಂಜಲು ಎಳೆಯುವ ಪೈಪು ಪ್ರೊಫೆಸರರ ಎಡಕ್ಕಿತ್ತು. ಬಲಗೈಗೆ ಎಟುಕುವಂತಿರಲಿಲ್ಲ. ಅವರು ಅದನ್ನು ಎಡಗೈಯಲ್ಲಿ ಹಿಡಿದು ಡ್ರೈವರನ ತೆರೆದ ಬಾಯಿಯ ಮೇಲೆ ಬಗ್ಗಿದರು. ಪೈಪಿನ ತುದಿ ಗಡಗಡ ನಡುಗುತ್ತ ಅವನ ಮುಂದಿನ ಹಲ್ಲುಗಳಿಗೆ ಟಕ್ ಟಕ್ ಎಂದು ಬಡಿಯುತ್ತಿತ್ತು.