ಗದೆಯಿಲ್ಲದ ಆಂಜನೇಯ

ಸುನಿತಾ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಮುಂದೆ ಹೋಗಿ ನಿಂತಳು. ಸಿಮೆಂಟಿನ ಬಂಡೆಯ ಮೇಲೆ ಕೋತಿ ಮುಖದವನೊಬ್ಬ ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡುತ್ತಿದ್ದ. ಇನ್ನೊಂದು ಕೈಯಲ್ಲಿ ಗದೆಯ ಬದಲು ಉದ್ದನೆಯ ಕೋಲು. ಆದರೂ ಸಿಂಗಪುರಕ್ಕೆ ಬಂದಮೇಲೆ ಅವಳಿಗೆ ಗುರುತು ಸಿಕ್ಕ ಮೊದಲ ಮುಖ ಅದು.

ಚೀನಾದವರ ಪುರಾಣಗಳನ್ನೆಲ್ಲ ಬೊಂಬೆ ಮಾಡಿ ನಿಲ್ಲಿಸಿರುವ ತೋಟ ಇದು ಎಂದು ಅಕ್ಕ ಅನುಪಮಾ ಬಸ್ಸಿನಲ್ಲೇ ಹೇಳಿದ್ದಳು. ಹೆಂಗಸಿನ ತಲೆಯ ಏಡಿ, ಹೆಣ್ಣಾದ ಬಿಳಿ ಹಾವು, ನಾಲಿಗೆ ಕೀಳಿಸಿಕೊಳ್ಳುವ ನರಕದ ಪಾಪಿಗಳು. ಮಗುವಿನ ಗಾಡಿ ನಿಲ್ಲಿಸಿ, ಇಂಗ್ಲಿಷ್ ಫಲಕ ಓದಿ, ಒಂದೊಂದರ ಕತೆಯನ್ನೂ ಹೇಳಿದ್ದಳು. ಬಾಣಂತನಕ್ಕೆ ಬಂದಮೇಲೆ ಅಕ್ಕ ಇಷ್ಟು ಹೊತ್ತು ಅವಳೊಡನೆ ಮಾತಾಡಿದ್ದು ಇದೇ ಮೊದಲು.

ತಿಪಟೂರಿನ ಹತ್ತಿರದ ತಮ್ಮೂರು ಬಿಳಿಗೆರೆಯಲ್ಲಿ ಅಪ್ಪನಿಗೆ ಒಬ್ಬಳನ್ನಷ್ಟೇ ಓದಿಸಲು ಆಗುವಂತಿದ್ದಾಗ, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ಸುನಿತಾ. ಅವಳು ಕೊಬ್ಬರಿಗೆಂದು ಅಟ್ಟದಲ್ಲಿ ಒಣಗಿದ ತೆಂಗಿನಕಾಯಿ ಇಳಿಸಿ ಸುಲಿಯಲು ನಿಂತಳು. ಅನುಪಮಾ ನರ್ಸಿಂಗ್ ಓದಿದಳು. ಅದರ ಬಗ್ಗೆ ಇಬ್ಬರೂ ಎಂದೂ ಮಾತಾಡಿಕೊಂಡಿರಲಿಲ್ಲ. ಬಸುರಿಯಾದಾಗ ಅನುಪಮಾ ಫೋನಿನಲ್ಲಿ ಅಂದಿದ್ದಳು: "ಕೆಲ್ಸದೋರು ಸಿಕ್ತಾರೆ ಕಣೇ. ನಂಗೆ ನನ್ ತಂಗಿ ಬೇಕು." ಆ ಮಾತು ಹಿಡಿದುಕೊಂಡೇ ಸುನಿತಾ ವಿಮಾನ ಹತ್ತಿದ್ದಳು.

ಬಾಣಂತಿಗೆಂದು ಅವ್ವ ಕಟ್ಟಿಕೊಟ್ಟ ಕೊಬ್ಬರಿಯಲ್ಲಿ ಒಂದು ಬಟ್ಟಲು ಚೀಲದಲ್ಲಿತ್ತು. ಅದನ್ನು ಕೋತಿಯ ಪಾದದ ಬಳಿ ಇಟ್ಟು ಕೈಮುಗಿದಳು.

ಹಿಂದೆ ಯಾರೋ ನಕ್ಕರು. ಅನುಪಮಾಳ ಆಸ್ಪತ್ರೆಯಲ್ಲೇ ಕೆಲಸ ಮಾಡುವ ಕೃತಿಕಾ, ಬೆಂಗಳೂರಿನವಳು; ಅವಳೂ ತೋಟ ನೋಡಲು ಬಂದಿದ್ದಳು. ಆಂಜನೇಯ ಅಲ್ಲಮ್ಮ ಅದು, ಚೀನಾದವರ ಕತೆಯ ಕೋತಿರಾಜ, ಎಂದು ಸುನಿತಾಳಿಗೆ ಹೇಳಿ ಅನುಪಮಾಳ ಕಡೆ ತಿರುಗಿದಳು. "ಯಾರೇ ಇವ್ಳು?"

ಅನುಪಮಾ ತಂಗಿಯ ಬರಿಗಾಲನ್ನೊಮ್ಮೆ, ಕೊಬ್ಬರಿಯನ್ನೊಮ್ಮೆ ನೋಡಿದಳು.

"ಮಗು ನೋಡ್ಕೊಳ್ಳೋಕೆ ಊರಿಂದ ಕರೆಸಿದೀನಿ."

"ಸಂಬಂಧದೋರಾ?"

"ಇಲ್ಲ. ನಮ್ಮೂರ ಹುಡುಗಿ."

ಅಡುಗೆ ಬರುತ್ತಾ, ಕೈ ಶುದ್ಧವಾ ಎಂದು ಕೃತಿಕಾ ಅನುಪಮಾಳನ್ನೇ ಕೇಳಿದಳು. "ನೀನು ಇವ್ಳನ್ನ ಬಿಡೋವಾಗ ನಂಗ್ ಹೇಳು, ನಾನು ಇಟ್ಕೋತೀನಿ." ನೋಡೋಣ ಎಂದು ಅನುಪಮಾ ನಕ್ಕಳು.

ಕೃತಿಕಾ ನೀರು ತರಲು ಹೋದಾಗ ಅಕ್ಕ ಹತ್ತಿರ ಬಂದಳು. "ಬೇಜಾರ್ ಮಾಡ್ಕಬ್ಯಾಡ ಕಣೇ. ತಂಗಿ ಅಂದ್ರೆ, ಏನ್ ಓದವ್ಳೆ ಅಂತ ಕೇಳ್ತಾರೆ."

ಸುನಿತಾ ಮಗುವಿನ ಹೊದಿಕೆ ಸರಿಮಾಡಿದಳು. ಆಮೇಲೆ, "ಅವ್ವ ಫೋಟ ಕೇಳಿತ್ತು. ಇಬ್ರೂ ಜೊತೇಲಿ ನಿಂತಿರೋದು" ಎಂದಳು.

"ಮನೇಲಿ ತೆಗಿಯನ ಬುಡು."

ಕೃತಿಕಾ ಬಂದವಳೇ ಅನುಪಮಾಳ ಪಕ್ಕ ನಿಂತು ಹೆಗಲ ಮೇಲೆ ಕೈಹಾಕಿದಳು. ಅನುಪಮಾ ತನ್ನ ಫೋನನ್ನು ಸುನಿತಾಳಿಗೆ ಕೊಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿ, ಮಗುವನ್ನು ಎತ್ತಿಕೊಂಡಳು. ಸುನಿತಾ ಬರಿಗಾಲಲ್ಲೇ ಹಿಂದೆ ಸರಿದಳು. ನೆಲ ಸುಡುತ್ತಿತ್ತು.

"ಸ್ವಲ್ಪ ಮೇಲೆ ಹಿಡಿಯಮ್ಮಾ" ಎಂದಳು ಅನುಪಮಾ. "ಕೆಳಗಡೆ ಚಪ್ಪಲಿ ಬರುತ್ತೆ."

ಸುನಿತಾ ಕೈ ಕದಲಿಸದೆ ಒತ್ತಿದಳು. ಪರದೆಯಲ್ಲಿ ನಗುವ ಇಬ್ಬರು, ನಿದ್ದೆಯ ಮಗು, ಎಲ್ಲರನ್ನೂ ದಾಟಿ ದೂರ ನೋಡುವ ಕೋತಿ. ಅದರ ಕಾಲಡಿ ಬೆಳ್ಳಗೆ ಕೊಬ್ಬರಿ ಬಟ್ಟಲು. ಕೆಳಗೆ, ಅವ್ವ ತಿಪಟೂರಿನಲ್ಲಿ ಕೊಡಿಸಿದ್ದ ನೀಲಿ ಚಪ್ಪಲಿ, ಜೋಡಿಯಾಗಿ.