ಸಮಪಾಲು

ಪಕ್ಕದೂರಿನ ಎಚ್‌ಐವಿ ಆಸ್ಪತ್ರೆಯಲ್ಲಿ ಟೈಲರಮ್ಮನಿಗಿದ್ದ ಮರ್ಯಾದೆ ದೊಡ್ಡ ಡಾಕ್ಟರಿಗೂ ಇರಲಿಲ್ಲ. ತಿಂಗಳು ಮುಗಿಯುವಷ್ಟರಲ್ಲಿ ಅವಳ ಡಬ್ಬಿಯಲ್ಲಿ ಒಂದು ಮಾತ್ರೆಯೂ ಉಳಿಯುತ್ತಿರಲಿಲ್ಲ. ನರ್ಸಮ್ಮ ಆ ಖಾಲಿ ಡಬ್ಬಿಯನ್ನು ಎತ್ತಿ ಹಿಡಿದು, "ನೋಡಿ ಕಲೀರಿ ಇವರನ್ನ!" ಎಂದು ಸಾಲಿನಲ್ಲಿದ್ದವರಿಗೆಲ್ಲ ತೋರಿಸುತ್ತಿದ್ದಳು.

ಡಬ್ಬಿ ಖಾಲಿಯಾಗುತ್ತಿದ್ದದ್ದೇನೋ ನಿಜ. ಖಾಲಿ ಮಾಡುತ್ತಿದ್ದವರು ಮಾತ್ರ ಇಬ್ಬರು. ಅವಳ ಗಂಡ ಕ್ಷೌರದಂಗಡಿಯವನು. ಊರಿನ ಬಾಯಿಯೆಲ್ಲ ಬಂದು ಕೂರುವುದು ಅವನ ಕುರ್ಚಿಯಲ್ಲೇ. ತನಗೂ ಅದೇ ಕಾಯಿಲೆ ಎಂದು ಗುಟ್ಟಾಗಿ ತಿಳಿದುಕೊಂಡು ಬಂದವನು, "ಆಸ್ಪತ್ರೆ ಸಾಲಲ್ಲಿ ಯಾವನಾದ್ರೂ ಗಿರಾಕಿ ಸಿಕ್ಕಿಬಿಟ್ರೆ? ಸತ್ರೂ ಅಲ್ಲಿ ನಿಲ್ಲಲ್ಲ ಕಣೇ" ಎಂದುಬಿಟ್ಟ. ಸರಿ, ಒಂದು ದಿನ ಅವಳು ನುಂಗಿದರೆ ಮರುದಿನ ಅವನು. ಕಷ್ಟದಲ್ಲಿ ಸಮಪಾಲು! ಅವಳಿಗೆ ಅದರಲ್ಲಿ ಹೆಮ್ಮೆಯೂ ಇತ್ತು, ಪಾಪ.

ಈ ಸಲ ಡಾಕ್ಟರು ರಕ್ತಪರೀಕ್ಷೆಯ ಫಲಿತಾಂಶ ನೋಡಿ ತಲೆ ಕೆರೆದುಕೊಂಡರು. "ವೈರಸ್ ಏರಿದೆಯಲ್ಲಮ್ಮ! ಮಧ್ಯೆ ಮಧ್ಯೆ ಮಾತ್ರೆ ಬಿಡೋದು ಹಾವನ್ನ ಅರ್ಧ ಹೊಡೆದು ಬಿಟ್ಟ ಹಾಗೆ. ಆಮೇಲೆ ಅದು ಔಷಧಿಗೇ ಬಗ್ಗಲ್ಲ. ಆದ್ರೆ ನೀವು ಬಿಡೋರಲ್ವಲ್ಲ! ಬೇರೆ ಔಷಧಿ ಕೊಡ್ತೀನಿ. ಮನೆಯವರನ್ನೂ ಕರ್ಕೊಂಡ್ ಬನ್ನಿ, ಪರೀಕ್ಷೆ ಮಾಡೋಣ."

ಟೈಲರಮ್ಮನಿಗೆ ಆಗ ಅರ್ಥವಾಯಿತು. ಪ್ರೀತಿಯಿಂದ ಹಂಚಿಕೊಂಡು ತಿಂದದ್ದು ಇಬ್ಬರ ಬುಡಕ್ಕೂ ಬಂದಿತ್ತು. ಮನೆಗೆ ಹೋಗಿ ಅತ್ತಳು, ಬೈದಳು, ಊಟ ಬಿಟ್ಟಳು. ಕೊನೆಗೆ ಗಂಡ ಮುಖಕ್ಕೆ ಟವೆಲು ಸುತ್ತಿಕೊಂಡು ಬಸ್ಸು ಹತ್ತಿದ.

ಪರೀಕ್ಷೆಯಲ್ಲಿ ಕಾಯಿಲೆ ಇರುವುದು ಖಾತ್ರಿಯಾಯಿತು. "ಎಲ್ಲರಿಗೂ ಮೊದಲು ಕೊಡೋ ಔಷಧಿನೇ, ನಿಮ್ಮ ಹೆಂಡ್ತಿ ಇಷ್ಟು ದಿನ ತಗೊಂಡಿದ್ದೇ, ನಿಮಗೂ ಶುರು ಮಾಡೋಣ," ಎಂದರು ಡಾಕ್ಟರು. "ಇದನ್ನ ಮುಂಚೆ ತಗೊಂಡಿಲ್ಲ ತಾನೇ?"

"ಛೆ ಛೆ, ಕಣ್ಣಲ್ಲೂ ನೋಡಿಲ್ಲ ಸ್ವಾಮಿ," ಎಂದ ಗಂಡ, ಮೇಜಿನ ಕೆಳಗೆ ಹೆಂಡತಿಯ ಕಾಲು ತುಳಿಯುತ್ತ.

ಬಾಗಿಲಲ್ಲಿ ನರ್ಸಮ್ಮ ನಿಂತು ಮೆಚ್ಚುಗೆಯಿಂದ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡರೆ ಟೈಲರಮ್ಮನ ಮಾನ ಉಳಿಯುತ್ತಿತ್ತು. ಗಂಡ ಮಾತ್ರ ಕೆಲಸಕ್ಕೆ ಬಾರದ ಮಾತ್ರೆ ನುಂಗುತ್ತ ಸಾಯುತ್ತಿದ್ದ.

"ಸುಳ್ಳು ಡಾಕ್ಟ್ರೇ," ಎಂದಳು. "ನನ್ನ ಡಬ್ಬೀಲಿ ಅರ್ಧ ಇವರೇ ನುಂಗಿರೋದು. ಕೊಟ್ಟೋಳು ನಾನೇ."

ನರ್ಸಮ್ಮನ ಮುಖ ಸಪ್ಪಗಾಯಿತು. ಡಾಕ್ಟರು ಬರೆಯುತ್ತಿದ್ದ ಚೀಟಿಯನ್ನು ಹರಿದು ಹಾಕಿ, ಬೇರೆ ಔಷಧಿ ಬರೆದರು.

ಹೊರಗೆ ಬಂದದ್ದೇ ಗಂಡ ಹಲ್ಲು ಕಡಿದ. "ಮನೆ ಮಾತನ್ನ ಬೀದಿಗೆ ತಂದ್ಯಲ್ಲೇ!"

"ತರದೇ ಇನ್ನೇನ್ರೀ," ಎಂದಳು ಅವಳು, ಕಣ್ಣೊರೆಸಿಕೊಂಡು. "ಮಾತು ಮನೇಲೇ ಇದ್ದು, ನೀವೇ ಇಲ್ದೆ ಹೋದ್ರೆ, ನಾನು ಯಾರ ಹತ್ರ ಆಡ್ಲಿ?"