ಇಬ್ಬನಿಯ ತೂಕ

ರಾಣೆಬೆನ್ನೂರಿನಲ್ಲಿ ಹನುಮೇಶನನ್ನು ಚೇರಮನ್ ಸಾಹೇಬರು ಎನ್ನುವವರೇ ಬಹಳ. ಡಾಕ್ಟರು ಎನ್ನುವವರು ಕೆಲವರು. ಆ ಕೆಲವರಲ್ಲೂ ಅರ್ಧ ಮಂದಿ ನಾಡಿ ನೋಡಿರೆಂದು ಕೈ ಚಾಚುತ್ತಿದ್ದರು. ತಾನು ಭೌತಶಾಸ್ತ್ರದ ಡಾಕ್ಟರು ಎಂದು ತಿಳಿಸಿ ಹೇಳುವುದನ್ನು ಅವನು ಎಂದೋ ಬಿಟ್ಟಿದ್ದ.

ಧಾರವಾಡದಲ್ಲಿ ಡಾಕ್ಟರೇಟ್ ಮುಗಿದ ಮೇಲೆ ಅವನು ಸಂಶೋಧನೆಗೆ ಹಿಡಿದ ವಿಷಯ ಇಬ್ಬನಿ. ಬ್ಯಾಡಗಿಯ ಕಣಗಳಲ್ಲಿ ಮೆಣಸಿನಕಾಯಿ ಬಯಲಲ್ಲೇ ಒಣಗುತ್ತದೆ. ಇಬ್ಬನಿ ಹದವಾಗಿ ಬಿದ್ದರೆ ಕಾಯಿ ಮೆತ್ತಗಾಗಿ ಪುಡಿಯಾಗದೆ ಆರಿಸಲು ಬರುತ್ತದೆ. ಹೆಚ್ಚು ಬಿದ್ದರೆ ಕಪ್ಪಾಗುತ್ತದೆ. ಚಳಿ ಹೆಚ್ಚಿದಷ್ಟೂ ಇಬ್ಬನಿ ಹೆಚ್ಚು ಎಂಬುದು ಎಲ್ಲರ ನಂಬಿಕೆ. ಹಾಗಲ್ಲ, ಒಂದು ಮಿತಿ ದಾಟಿದ ಚಳಿಯಲ್ಲಿ ಗಾಳಿಯೊಳಗೆ ನೀರೇ ಕಡಿಮೆ, ಇಬ್ಬನಿಯೂ ಕಡಿಮೆಯೇ ಬೀಳಬೇಕು ಎಂಬುದು ಹನುಮೇಶನ ಊಹೆ. ಅದು ಖರೆಯಾದರೆ ಅತಿ ಚಳಿಯ ರಾತ್ರಿಗಳಲ್ಲಿ ರೈತರು ಕಾಯಿಗೆ ತಾಡಪತ್ರಿ ಹೊದಿಸಲು ಒದ್ದಾಡಬೇಕಿಲ್ಲ.

ಇದನ್ನು ಅಳೆಯಲು ಅವನೇ ಒಂದು ಸಲಕರಣೆ ಮಾಡಿಕೊಂಡಿದ್ದ. ಕಪ್ಪು ಬಳಿದ ತೆಳು ತಗಡು, ಅದನ್ನು ಹೊತ್ತ ಸೂಕ್ಷ್ಮವಾದ ತಕ್ಕಡಿ, ಕೆಳಗೆ ಮೂರು ಕಾಲು. ರಾತ್ರಿಯಿಡೀ ಬಯಲಲ್ಲಿಟ್ಟು, ಹೊತ್ತು ಮೂಡುವ ಮೊದಲು ತಗಡಿನ ಮೇಲೆ ಕುಳಿತ ಇಬ್ಬನಿಯ ತೂಕ ನೋಡಬೇಕು. ಅವನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಅರುಣಾ ಒಮ್ಮೆ ಕಂದೀಲು ಹಿಡಿದು ಹತ್ತಿರ ಬಂದಾಗ ಅವನು ಗದರಿದ್ದ.

"ಬೆಳಕಿಗೂ ಮೈಬಿಸಿ ಇರ್ತೈತಿ ಅರುಣಾ. ದೂರ ನಿಲ್ಲು."

ಅಂದಿನಿಂದ ಕೆಂಪು ಕಾಗದ ಸುತ್ತಿದ ಸಣ್ಣ ಬ್ಯಾಟರಿ. ಉಸಿರು ಬಿಗಿಹಿಡಿದು ಒಂದೇ ಒಂದು ನೋಟ.

ಅಷ್ಟರಲ್ಲಿ ಜ್ಯೋತಿಲಕ್ಷ್ಮಿಯೊಡನೆ ಮದುವೆಯಾಯಿತು. ಮಾವ ಮಲ್ಲೇಶಪ್ಪ ರಾಣೆಬೆನ್ನೂರಿನಲ್ಲಿ ಕಟ್ಟಿದ್ದ ಪುಟ್ಟ ಸಹಕಾರಿ ಬ್ಯಾಂಕು ತೆವಳುತ್ತಿತ್ತು. ಒಂದು ಬೇಸಿಗೆ ಬಂದು ಅದನ್ನು ದಾರಿಗೆ ಹಚ್ಚಿ ಹೋಗು ಎಂದರು ಮಾವ. ಹನುಮೇಶ ಹೋದ. ಯಾವ ಸಾಲ ಮುಳುಗೀತು, ಯಾವುದು ತೇಲೀತು ಎಂಬುದನ್ನು ಅಳೆಯುವುದು ಅವನಿಗೆ ಅಷ್ಟೇನೂ ಕಷ್ಟವಾಗಲಿಲ್ಲ. ಬ್ಯಾಂಕು ಹಾವೇರಿಗೂ ಬ್ಯಾಡಗಿಗೂ ಕೈಚಾಚಿತು. ಮಾವನ ನಂತರ ಕುರ್ಚಿ ಅವನದಾಯಿತು. ಆಮೇಲೆ ಕೇಬಲ್ಲು, ಒಂದು ದಿನಪತ್ರಿಕೆ, ಕೊನೆಗೆ ಸ್ವಂತ ಟಿ.ವಿ. ವಾಹಿನಿ. ಪ್ರತಿ ದೀಪಾವಳಿಗೆ ಈ ಚಳಿಗಾಲ ಬ್ಯಾಡಗಿಗೆ ಹೋಗಿ ತಗಡು ಹೂಡುವುದೇ ಸೈ ಎಂದುಕೊಳ್ಳುತ್ತಿದ್ದ. ಯುಗಾದಿ ಬಂದಾಗ, ಆಗಲಿ, ಮುಂದಿನ ಚಳಿಗಾಲ ಎನ್ನುತ್ತಿದ್ದ. ಹೀಗೆಯೇ ತಲೆ ಬೆಳ್ಳಗಾಯಿತು.

ಎರಡು ಸಾವಿರದ ಏಳರ ಜನವರಿಯಲ್ಲಿ ಒಂದು ಮಧ್ಯಾಹ್ನ ಅರುಣಾ ಬ್ಯಾಂಕಿಗೆ ಬಂದಳು. ಅವಳು ಹಾವೇರಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಮೆತ್ತನೆಯ ಕುರ್ಚಿಯ ತುದಿಯಲ್ಲಿ ಕುಳಿತು ಹೇಳಿದಳು: ಅವನು ಬಿಟ್ಟುಹೋದ ತಗಡನ್ನು ಅವಳು ಚಳಿಗಾಲ ತಪ್ಪಿಸದೆ ಬ್ಯಾಡಗಿಯ ಹೊರಗಿನ ಒಂದು ಕಣದಲ್ಲಿ ಹೂಡುತ್ತ ಬಂದಿದ್ದಾಳೆ. ಎಲ್ಲ ಬಗೆಯ ರಾತ್ರಿಗಳ ತೂಕವೂ ಸಿಕ್ಕಿದೆ, ಅತಿ ಚಳಿಯ ಒಂದು ರಾತ್ರಿಯದನ್ನು ಬಿಟ್ಟು. ಇವತ್ತು ಆಕಾಶ ತಿಳಿಯಾಗಿದೆ, ಗಾಳಿ ನಿಂತಿದೆ, ಆ ಚಳಿ ಇವತ್ತೇ ಬೀಳುತ್ತದೆ. ಈ ವಾರ ಕಳೆದರೆ ತನಗೆ ಚಾಮರಾಜನಗರಕ್ಕೆ ವರ್ಗ. ಅಲ್ಲಿ ಈ ಕಣವೂ ಇಲ್ಲ, ಈ ಚಳಿಯೂ ಇಲ್ಲ.

"ಊಹೆ ನಿಮ್ದು ಸರ್. ಕಡೀ ತೂಕ ನಿಮ್ಮ ಕೈಲೇ ಆಗ್ಲಿ," ಎಂದಳು. "ಲೇಖನದಾಗ ಇಬ್ಬರ ಹೆಸರೂ ಇರ್ತೈತಿ."

ಇಷ್ಟೆಲ್ಲ ಕಟ್ಟಿದ್ದರೂ, ತಾನು ಪ್ರೀತಿಸಿದ ಒಂದೇ ಒಂದು ಕೆಲಸವನ್ನು ಮುಗಿಸಿರಲಿಲ್ಲ ಎಂಬುದು ಹನುಮೇಶನ ಗಂಟಲಲ್ಲಿ ಸಿಕ್ಕ ಮುಳ್ಳು. ಅದನ್ನು ಇವಳು ತೆಗೆಯಲು ಬಂದಿದ್ದಳು.

ವಾಹಿನಿ ನೋಡಿಕೊಳ್ಳುತ್ತಿದ್ದವನು ಜ್ಯೋತಿಲಕ್ಷ್ಮಿಯ ತಮ್ಮ ಯುವರಾಜ. ಸುದ್ದಿ ಕೇಳಿ ಅವನು ಕುಣಿದ. ಇಂಥಾದ್ದನ್ನು ತೋರಿಸದಿದ್ದರೆ ನಮ್ಮ ಚಾನೆಲ್ಲು ಇದ್ದೇನು ಫಲ ಎಂದ. ಹನುಮೇಶ ಬೇಡವೆಂದ. ಬೇಡವೆಂದದ್ದು ಒಂದೇ ಸಲ. ಎರಡನೆಯ ಸಲ ಅನ್ನಬೇಕಿತ್ತು ಎಂದು ಆಮೇಲೆ ಬಹಳ ಸಲ ಅನ್ನಿಸಿತು.

ಮರುದಿನ ನಸುಕಿನಲ್ಲಿ ಕಣದ ಮೇಲೆ ಚಳಿ ಕಲ್ಲಿನಂತೆ ಕುಳಿತಿತ್ತು. ಮೆಣಸಿನಕಾಯಿಯ ಘಾಟೂ ನೆಲಕ್ಕೆ ಅಂಟಿಕೊಂಡಂತಿತ್ತು. ಕಾಯಿ ಆರಿಸುವ ಹೆಂಗಸರು ಕಂಬಳಿ ಹೊದ್ದು ಒಂದು ಮೂಲೆಯಲ್ಲಿ ಕೂತಿದ್ದರು. ಯುವರಾಜ ಕ್ಯಾಮೆರಾದವರೊಂದಿಗೆ ಜನರೇಟರನ್ನೂ ತಂದಿದ್ದ. ದೀಪ ರಸ್ತೆಯ ಕಡೆಗೇ ಇರಲಿ ಎಂದು ಅರುಣಾ ಬೇಡಿಕೊಂಡಳು; ಹನುಮೇಶ ಹೂಂ ಎಂದ. ಆದರೆ ಅವನು ತಗಡಿನ ಪಕ್ಕ ನಿಂತು ಮಾತಾಡಲು ತೊಡಗಿದಾಗ, ಮುಖ ಕತ್ತಲಾಗುತ್ತದೆ ಎಂದ ಕ್ಯಾಮೆರಾದವನು.

"ಹಂಗಾರ ಇನ್ನೊಂದೀಟು ಹತ್ರ ತರ್ರಿ," ಎಂದ ಹನುಮೇಶ.

ಎರಡು ದೊಡ್ಡ ದೀಪಗಳು ಬಂದು ಎದುರಿಗೆ ನಿಂತವು. ಕಣವೆಲ್ಲ ಕೆಂಪಗೆ ಎದ್ದು ಕೂತಿತು.

"ಸಾಹೇಬ್ರು ಇವತ್ತ ಹೊತ್ತನ್ನೂ ಬಾಡಿಗಿಗೆ ತಂದಾರ ನೋಡ್ರೆ," ಎಂದಳು ಹೆಂಗಸರಲ್ಲಿ ಹಿರಿಯಳಾದ ಕರಿಯವ್ವ. ಎಲ್ಲರೂ ನಕ್ಕರು. ಹನುಮೇಶನೂ ನಕ್ಕ.

ಇಬ್ಬನಿಯ ಬಗ್ಗೆ ಅವನು ಚೆನ್ನಾಗಿ ಮಾತಾಡಿದ. ಸಭೆ, ಸಮಾರಂಭ, ಉದ್ಘಾಟನೆಗಳಲ್ಲಿ ಪಳಗಿದ ನಾಲಿಗೆ; ನಿಲ್ಲಿಸುವುದು ಅದಕ್ಕೆ ಬರುತ್ತಿರಲಿಲ್ಲ. ಕೊನೆಗೆ ಬಗ್ಗಿ ತಕ್ಕಡಿಯ ಮುಳ್ಳು ನೋಡಿದ. ತೂಕ ಕಡಿಮೆ, ತೀರ ಕಡಿಮೆ. ಕ್ಯಾಮೆರಾದ ಕಡೆ ತಿರುಗಿ, ತರುಣನಾಗಿದ್ದಾಗ ತಾನು ಊಹಿಸಿದ್ದು ಇಂದು ಸಾಬೀತಾಯಿತು ಎಂದು ಸಾರಿದ. ಬಳಿಕ ದನಿ ತಗ್ಗಿಸಿ, "ನಾ ಅಂದಿದ್ದು ಖರೇ ಆತು ಅರುಣಾ," ಎಂದ.

ಅರುಣಾ ತಗಡಿನ ಆಚೆ ಬದಿಗೆ ಹೋಗಿ ಬಗ್ಗಿ ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಅವನ ನೆರಳು ಬಿದ್ದಿದ್ದ ಅಂಚಿನಲ್ಲಿ ಇಬ್ಬನಿ ಹನಿಹನಿಯಾಗಿ ದಟ್ಟವಾಗಿ ನಿಂತಿತ್ತು. ದೀಪ ಬಿದ್ದಿದ್ದ ಕಡೆ ತಗಡು ಗುಡಿಸಿಟ್ಟ ಅಂಗಳದಂತೆ ಒಣಗಿತ್ತು. ಅವನು ಬೆರಳಿಟ್ಟ. ಬೆಚ್ಚಗಿತ್ತು.

ಹಿಂದೆ ತಾನು ಗದರಿದ ಮಾತನ್ನು ಈಗ ಅವಳು ತಿರುಗಿಸಿ ಹೇಳುತ್ತಾಳೆ ಎಂದು ಕಾದ. ಹೇಳಿದ್ದರೆ ಹಗುರಾಗುತ್ತಿತ್ತು.

"ಇದನ್ನ ತೂಕ ಅನ್ನಾಕ ಬರಂಗಿಲ್ಲ ಸರ್," ಎಂದಳಷ್ಟೇ.

"ನಾಳೆ?"

"ಪಶ್ಚಿಮಕ್ಕ ಮೋಡ ಏರಾಕತ್ತೈತಿ. ಇರ್ಲಿ ಬಿಡ್ರಿ."

ಎಷ್ಟೋ ಚಳಿಗಾಲ ಅವಳೊಬ್ಬಳೇ ನಸುಕಿನಲ್ಲಿ ಬಸ್ಸು ಹಿಡಿದು ಬಂದು, ಉಸಿರು ಬಿಗಿಹಿಡಿದು ನೋಡಿದ್ದ ತಗಡು ಅದು. ಅದನ್ನು ಸೀರೆಯ ಸೆರಗಿನಿಂದ ಒರೆಸತೊಡಗಿದಳು. ಒಣಗಿದ್ದ ಭಾಗವನ್ನೂ ಒರೆಸಿದಳು.

ಕಾರಿನಲ್ಲಿ ಯುವರಾಜ ಹಿಗ್ಗಿನಲ್ಲಿದ್ದ. ಚಿತ್ರದಲ್ಲಿ ತಕ್ಕಡಿಯ ಮುಳ್ಳು ಬಲು ಚೆಂದ ಬಂದಿದೆ, ಇವತ್ತು ಸಂಜೆಯೇ ಹಾಕುವುದು ಎಂದ.

"ಹಾಕಬ್ಯಾಡ," ಎಂದ ಹನುಮೇಶ.

"ಯಾಕ್ರಿ ಮಾಮಾ? ಅಲ್ಲಿ ಏನಾತಂತ ಯಾರಿಗೆ ಗೊತ್ತಾಗ್ತೈತಿ?"

"ನಮ್ಮ ಮಾತು ನಂಬಿ ಮಂದಿ ಹೊದಸೋದು ಬಿಟ್ಟರ, ಕಪ್ಪಾಗೋದು ಅವರ ಕಾಯಿ."

"ನಿಮ್ಮ ಊಹೆ ಖರೇನ ಇದ್ರ?"

"ಇದ್ದೀತು. ನಮಗ ಗೊತ್ತಿಲ್ಲ."

ಹೇಳಿದ ಮೇಲೆ ಆ ಮಾತು ಅವನ ಕಿವಿಗೇ ಹೊಸದಾಗಿ ಕೇಳಿಸಿತು. ಧಾರವಾಡದಲ್ಲಿ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು. ಬ್ಯಾಂಕಿನ ಕುರ್ಚಿಯಲ್ಲಾಗಲಿ ವಾಹಿನಿಯಲ್ಲಾಗಲಿ ಅದನ್ನು ಆಡುವ ಹಾಗಿರಲಿಲ್ಲ. ಆಡದೆ ಆಡದೆ ನಾಲಿಗೆಗೆ ಮರೆತುಹೋಗಿತ್ತು. ಯುವರಾಜ ಮುಖ ತಿರುಗಿಸಿ ಕೂತ.

ಅರುಣಾ ಹೊರಟುಹೋದ ಮೇಲೆ ಒಂದು ಸಂಜೆ ಹನುಮೇಶ ಕಣಕ್ಕೆ ಹೋದ. ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ, ದೀಪ ಆರಿಸಲು ಡ್ರೈವರನಿಗೆ ಹೇಳಿ ನಡೆದು ಬಂದ. ಮೋಡ ಕವಿದಿತ್ತು, ಇಬ್ಬನಿ ಬೀಳುವ ರಾತ್ರಿಯಲ್ಲ. ತಗಡು ಹೂಡಿದ್ದ ಜಾಗದಲ್ಲಿ ಮೂರು ಕಾಲಿನ ಗುಳಿಗಳಿದ್ದವು. ಅವುಗಳ ಸುತ್ತ ಮಣ್ಣು ಗಟ್ಟಿಯಾಗಿತ್ತು. ಅಷ್ಟು ವರ್ಷ ಒಂದೇ ಕಡೆ ಊರಿದ್ದ ಕಾಲು.

ಕರಿಯವ್ವ ಚೀಲಗಳಿಗೆ ಬಾಯಿ ಹೊಲಿಯುತ್ತಿದ್ದಳು. ಆ ಅಕ್ಕಾರು ಇನ್ನು ಬರುವುದಿಲ್ಲವೇ ಎಂದು ಕೇಳಿದಳು. ಇಲ್ಲ ಎಂದ.

"ಹಂಗಾರ ಮುಂದಿನ ವರ್ಷ ಭಾಳ ಥಂಡಿ ಬಿತ್ತಂದ್ರ, ಹೊದಸೂಣೋ ಬ್ಯಾಡೋ?"

"ಗೊತ್ತಿಲ್ಲವ್ವ. ಹೊದಸ್ರಿ."

ಕರಿಯವ್ವ ದಬ್ಬಣ ನಿಲ್ಲಿಸಿ ಅವನನ್ನು ನೋಡಿದಳು. "ಅಷ್ಟು ದೊಡ್ಡ ದೀಪ ಹಚ್ಚಿದ್ರಲ್ಲೋ ಎಪ್ಪಾ. ಆದ್ರೂ ಕಾಣ್ಲಿಲ್ಲೇನು?"

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅಷ್ಟರಲ್ಲೇ, ಸಾಹೇಬರು ಕತ್ತಲಲ್ಲಿ ಎಡವಿಯಾರೆಂದು ಡ್ರೈವರ್ ರಸ್ತೆಯಿಂದ ಗಾಡಿಯ ದೀಪ ಹಾಕಿದ. ಗುಳಿಗಳ ಮೇಲೆ ಬೆಳಕು ಬಂದು ಬಿತ್ತು. ಆರಿಸು ಎಂದು ಹನುಮೇಶ ಕೈಯೆತ್ತಿ ಬೀಸಿದ. ಡ್ರೈವರನಿಗೆ ಅದು ಕರೆದಂತೆ ಕಂಡಿರಬೇಕು. ಗಾಡಿ ದೀಪ ಹಚ್ಚಿಕೊಂಡೇ ನಿಧಾನವಾಗಿ ಕಣದೊಳಗೆ ಬಂತು.